ಅಡುಗೆಮನೆಯ ಬಾಗಿಲಲ್ಲಿ ಅಮ್ಮ

ನಮ್ಮ ಪಡಸಾಲೆಯ ಗೋಡೆಯಲ್ಲಿ 1968ರ ಒಂದು ಕಪ್ಪು ಬಿಳುಪು ಫೋಟೊ ಇದೆ. ತಮ್ಮನ ಮೊದಲ ಹುಟ್ಟುಹಬ್ಬದ್ದು. ಕುರ್ಚಿಯಲ್ಲಿ ಅಪ್ಪ, ತೊಡೆಯ ಮೇಲೆ ತಮ್ಮ. ಅವನ ಕುಲಾವಿಯ ಹೊಲಿಗೆಯನ್ನೂ ಎಣಿಸಬಹುದು. ಹತ್ತಡಿ ಹಿಂದೆ, ಹೋಳಿಗೆ ಬೇಯಿಸುತ್ತಿದ್ದವಳು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ ಅಮ್ಮ. ಅವಳ ಮುಖ ಮಾತ್ರ ಮಂಜು ಮಂಜು. ಅಮ್ಮನದು ಎಂದು ನಮ್ಮಲ್ಲಿ ಉಳಿದಿರುವುದು ಇದೊಂದೇ ಫೋಟೊ. ತೆಗೆದವನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು.

1986ರಲ್ಲಿ ನಾನೇ ಒಂದು ಕ್ಯಾಮರಾ ಕೊಂಡ ಮೇಲೆ ಆತನ ಕಷ್ಟ ತಿಳಿಯಿತು. ಲೆನ್ಸಿನೊಳಗೆ ನಮ್ಮ ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುವ ಒಂದು ಕಿಂಡಿ ಇರುತ್ತದೆ. 50 ಮಿಲಿಮೀಟರಿನ ಲೆನ್ಸಿನಲ್ಲಿ 2 ಎಂಬ ಅಂಕಿಗೆ ತಿರುಗಿಸಿದರೆ ಕಿಂಡಿ ಒಂದಂಗುಲ ಅಗಲ; 16ಕ್ಕೆ ತಿರುಗಿಸಿದರೆ ಸಾಸಿವೆಗಿಂತ ತುಸು ದೊಡ್ಡದು. ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು. ಈ ತಿರುಗುಮುರುಗು ಲೆಕ್ಕ ಯಾರು ಮಾಡಿದರೋ! ಕಿಂಡಿ ದೊಡ್ಡದಿದ್ದರೆ, ಫೋಕಸ್ ಮಾಡಿದ ಜಾಗಕ್ಕಿಂತ ಹಿಂದೆ ಮುಂದೆ ಇರುವ ಪ್ರತಿ ಚುಕ್ಕೆಯೂ ಫಿಲ್ಮಿನ ಮೇಲೆ ಬಿಲ್ಲೆಯಂತೆ ಹರಡಿಕೊಳ್ಳುತ್ತದೆ. ಕಿಂಡಿ ಕಿರಿದಾದರೆ ಬಿಲ್ಲೆ ಕುಗ್ಗಿ ಚುಕ್ಕೆಯಂತೆಯೇ ಕಾಣುತ್ತದೆ; ಹತ್ತಿರದ್ದೂ ಸ್ಪಷ್ಟ, ದೂರದ್ದೂ ಸ್ಪಷ್ಟ. ಡೆಪ್ತ್ ಆಫ್ ಫೀಲ್ಡ್ ಎನ್ನುವುದು ಈ ಸ್ಪಷ್ಟತೆಯ ಆಳಕ್ಕೇ. ಆದರೆ 2ರಿಂದ 16ಕ್ಕೆ ಹೋದರೆ ಒಳಬರುವ ಬೆಳಕು 64ರಲ್ಲಿ ಒಂದು ಪಾಲು. ಸೆಕೆಂಡಿನ 30ರಲ್ಲೊಂದು ಭಾಗದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಎರಡು ಸೆಕೆಂಡು ಬೇಕು. ನಮ್ಮ ಕತ್ತಲ ಪಡಸಾಲೆಯಲ್ಲಿ ವರ್ಷದ ಕೂಸು ಎರಡು ಸೆಕೆಂಡು ಅಲುಗದೆ ಕೂತೀತೇ? ಆತ ಕಿಂಡಿ ತೆರೆದ, ಅಮ್ಮ ಹೊರಗುಳಿದಳು.

ಹಾಗಾದರೆ ಮಸುಕೆಂದರೆ ಬರೀ ಬೆಳಕಿನ ಬಡತನವೇ? ಫೋಟೊಗ್ರಫಿಯ ಚರಿತ್ರೆ ಓದುವಾಗ ಎದುರಾದವಳು ಜೂಲಿಯಾ ಮಾರ್ಗರೆಟ್ ಕ್ಯಾಮರನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವಳು. 1863ರಲ್ಲಿ, ಅವಳಿಗೆ 48 ವರ್ಷವಾಗಿದ್ದಾಗ, ಬೇಸರ ಕಳೆಯಲಿ ಎಂದು ಮಗಳು ಅಳಿಯ ಒಂದು ಕ್ಯಾಮರಾ ತಂದುಕೊಟ್ಟರು. ಇಂಗ್ಲೆಂಡಿನ ವೈಟ್ ದ್ವೀಪದ ಆ ಮನೆಯಲ್ಲಿ ಕಲ್ಲಿದ್ದಲಿನ ಕೋಣೆ ಡಾರ್ಕ್‌ರೂಮ್ ಆಯಿತು, ಕೋಳಿಮನೆ ಸ್ಟುಡಿಯೊ ಆಯಿತು. ಮನೆಗೆಲಸದ ಮೇರಿ ಹಿಲಿಯರ್ ಚಿತ್ರಗಳಲ್ಲಿ ಯೇಸುವಿನ ತಾಯಿಯಾದಳು. ಈಕೆ ಕ್ಯಾಮರಾವನ್ನು ಮುಖಕ್ಕೆ ತೀರ ಹತ್ತಿರ ಒಯ್ಯುತ್ತಿದ್ದಳು. ಹತ್ತಿರವಾದಷ್ಟೂ ಸ್ಪಷ್ಟತೆಯ ಪದರ ತೆಳುವು. ಕಣ್ಣು ನಿಚ್ಚಳವಾದರೆ ಕಿವಿ ಮಸುಕು. ಅದರ ಮೇಲೆ ಆ ಕಾಲದ ಗಾಜಿನ ತಟ್ಟೆಗಳಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ಕೂತವರು ಅಲುಗದೆ ಇರುತ್ತಿರಲಿಲ್ಲ. ಈಕೆಗೆ ಕೆಲಸವೇ ಬಾರದು ಎಂದು ಫೋಟೊಗ್ರಫಿ ಪತ್ರಿಕೆಗಳು ಹಂಗಿಸಿದವು. ಮೊದಮೊದಲ ಮಸುಕು ಆಕಸ್ಮಿಕವೇ ಎಂದು ಅವಳೂ ಒಪ್ಪಿಕೊಂಡಿದ್ದಾಳೆ. ಆದರೆ ಲೆನ್ಸ್ ತಿರುಗಿಸುತ್ತ ತನ್ನ ಕಣ್ಣಿಗೆ ಚೆಲುವು ಕಂಡಲ್ಲಿ ತಾನು ನಿಲ್ಲಿಸಿದೆ, ಉಳಿದವರು ಒತ್ತಾಯಿಸುವಷ್ಟು ಮುಂದಕ್ಕೆ ಹೋಗಲಿಲ್ಲ ಎಂದೂ ಬರೆದಳು. ಸಾರಿಗೆ ಉಪ್ಪು ಎಲ್ಲಿಗೆ ಸಾಕೆಂದು ಹೇಳುವವಳು ಸೌಟು ಹಿಡಿದವಳಲ್ಲವೇ!

ಇದಕ್ಕೆ ತೀರ ಎದುರಾದ ಹಟವೂ ಇತ್ತು. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು ಕಟ್ಟಿದ ಗುಂಪಿನ ಹೆಸರೇ ಎಫ್ 64. ದೊಡ್ಡ ಕ್ಯಾಮರಾಗಳ ಅತಿ ಕಿರಿದಾದ ಕಿಂಡಿಯ ಅಂಕಿ ಅದು. ಗುಂಪಿನಲ್ಲಿದ್ದ ಇಮೊಜೆನ್ ಕನ್ನಿಂಗ್‌ಹ್ಯಾಮ್ ಮೊದಲು ಮಸುಕು ಚಿತ್ರಗಳನ್ನೇ ತೆಗೆದವಳು. ಮೂರು ಗಂಡುಮಕ್ಕಳ ತಾಯಿ; ಅವರನ್ನು ಬಿಟ್ಟು ದೂರ ಹೋಗಲಾರದೆ 1920ರ ದಶಕದಲ್ಲಿ ಹಿತ್ತಲಿನ ಗಿಡಗಳಿಗೇ ಕ್ಯಾಮರಾ ಹಿಡಿದಳು. 1925ರ ಅವಳ ಮ್ಯಾಗ್ನೋಲಿಯಾ ಹೂವನ್ನು ನೋಡಿ, ಕೇಸರದ ಒಂದೊಂದು ಎಳೆಯೂ ಲೆಕ್ಕಕ್ಕೆ ಸಿಗುತ್ತದೆ. ಗಿಡಗಳು ಕೂಸುಗಳ ಹಾಗಲ್ಲ, ಗಾಳಿಯಿಲ್ಲದಾಗ ಸುಮ್ಮನೆ ನಿಲ್ಲುತ್ತವೆ.

ಈಗಿನ ಮೊಬೈಲುಗಳ ಲೆನ್ಸ್ ಬಹಳ ಚಿಕ್ಕದು, ಹೆಚ್ಚುಕಡಿಮೆ ಎಲ್ಲವೂ ಸ್ಪಷ್ಟ. ಹಿಂದಿನದು ಚೆನ್ನಾಗಿ ಮಸುಕಾಗಬೇಕಾದರೆ ಮೊಬೈಲು ಲೆಕ್ಕ ಹಾಕಿ ಅದನ್ನು ಬಳಿಯುತ್ತದೆ. ಹೋದ ವರ್ಷ ಮಗಳು, "ಅಮ್ಮಾ, ಅಜ್ಜಿಯ ಮುಖ ಸರಿಮಾಡಿ ಕೊಡ್ತೀನಿ ಇರು" ಎಂದು ಗೋಡೆಯ ಫೋಟೊವನ್ನು ಮೊಬೈಲಿಗೆ ಇಳಿಸಿಕೊಂಡಳು. ಕ್ಷಣದಲ್ಲಿ ಕಣ್ಣು, ಹುಬ್ಬು, ತುಟಿ ಎಲ್ಲ ಮೂಡಿತು. ಚೆಂದದ ಮುಖವೇ. ಯಾರದೋ ಗೊತ್ತಿಲ್ಲ. ಮೂಗುಬೊಟ್ಟೇ ಇರಲಿಲ್ಲ.

"ಅಳಿಸಿಬಿಡೇ" ಎಂದು ಗೋಡೆಯ ಫೋಟೊದ ಹತ್ತಿರ ಕರೆದೊಯ್ದೆ. ಅಮ್ಮನ ಮೂಗಿನ ಎಡಕ್ಕೆ ಸಣ್ಣದೊಂದು ಬಿಳಿಯ ಬಿಲ್ಲೆ ಇದೆ. ಮಗಳು ಅದನ್ನು ಇಷ್ಟು ದಿನ ಕಾಗದದ ಮೇಲಿನ ಕಲೆ ಎಂದುಕೊಂಡಿದ್ದಳಂತೆ.