ಹಿಟ್ಟಿನ ಕೋಳಿ ಕೂಗಿದ್ದು ಯಾಕೆ?

ಪ್ರಾಣಿಯನ್ನು ಕೊಲ್ಲಬಾರದು ಅಂತ ನಂಬಿದ ಒಬ್ಬ ರಾಜ. ಬಲಿ ಕೊಡಲೇಬೇಕು ಅಂತ ಹಠ ಹಿಡಿದ ಅವನ ತಾಯಿ. ಕೊನೆಗೆ ಇಬ್ಬರ ನಡುವೆ ಒಂದು ರಾಜಿ ಆಗುತ್ತೆ: ಜೀವ ಇರುವ ಕೋಳಿ ಬೇಡ, ಹಿಟ್ಟಿನಲ್ಲಿ ಮಾಡಿದ ಕೋಳಿ ಸಾಕು. ಅಲ್ಲಿಗೆ ಇವನ ಅಹಿಂಸೆಯೂ ಉಳಿಯಿತು, ಅವಳ ಪೂಜೆಯೂ ಆಯಿತು. ಆದರೆ ಕತ್ತಿ ಬಿದ್ದ ಕ್ಷಣ ಹಿಟ್ಟಿನ ಕೋಳಿ ಕೂಗಿಬಿಡುತ್ತೆ!

ಗೆಳೆಯರೇ, ಜನ್ನನ 'ಯಶೋಧರ ಚರಿತೆ'ಯನ್ನು ನಿಮ್ಮಲ್ಲಿ ಹಲವರು ಪಠ್ಯಪುಸ್ತಕದ ನಾಲ್ಕಾರು ಪದ್ಯಗಳಲ್ಲಿ ಓದಿ ಮರೆತಿರಬಹುದು. ಅಲ್ಲಿ ಸಿಗುವುದು ಸಾಮಾನ್ಯವಾಗಿ ಅಮೃತಮತಿ ಮತ್ತು ಮಾವುತನ ಪ್ರಸಂಗ. ನನಗೆ ಮಾತ್ರ ಈ ಕಾವ್ಯದ ಜೀವ ಇರುವುದು ಆ ಹಿಟ್ಟಿನ ಕೋಳಿಯಲ್ಲೇ ಅನ್ನಿಸುತ್ತೆ.

ಮೊದಲು ಸ್ವಲ್ಪ ಇತಿಹಾಸ. ಈ ಕತೆ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿ ಇದನ್ನು ಸಂಸ್ಕೃತದಲ್ಲಿ 'ಯಶಸ್ತಿಲಕ ಚಂಪು'ವಾಗಿ ಬರೆದು ಮುಗಿಸಿದ್ದು 959ರಲ್ಲಿ, ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯರ ನೆರಳಲ್ಲೇ. ಹತ್ತನೇ ಶತಮಾನದಲ್ಲೇ ಮಾನ್ಯಖೇಟದಲ್ಲಿ, ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಪುಷ್ಪದಂತ ಇದನ್ನು ಅಪಭ್ರಂಶದಲ್ಲಿ ಹೇಳಿದ. ಹನ್ನೊಂದನೇ ಶತಮಾನದಲ್ಲಿ ವಾದಿರಾಜ ಮತ್ತೆ ಸಂಸ್ಕೃತದಲ್ಲಿ ಬರೆದ. ಜನ್ನ ಮುಖ್ಯವಾಗಿ ಈ ವಾದಿರಾಜನ ದಾರಿ ಹಿಡಿದು, 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಕನ್ನಡದಲ್ಲಿ ಹೇಳಿದ. ನಾಲ್ಕೇ ಅವತಾರಗಳು (ಅಧ್ಯಾಯಗಳು), ಮುನ್ನೂರು ಚಿಲ್ಲರೆ ಪದ್ಯಗಳು, ಬಹುಪಾಲು ಕಂದ. ದೊಡ್ಡ ದೊಡ್ಡ ಚಂಪೂ ಪುರಾಣಗಳ ಕಾಲದಲ್ಲಿ ಇದು ಬಲು ಪುಟ್ಟ ಕಾವ್ಯ.

ಇನ್ನು ಕತೆ. ಉಜ್ಜಯಿನಿಯ ರಾಜ ಯಶೋಧರ. ಅವನ ರಾಣಿ ಅಮೃತಮತಿ ಒಂದು ಬೆಳಗಿನ ಜಾವ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಅವನು ಕುರೂಪಿ ಅಷ್ಟಾವಂಕ. ನೋಡಿಬಂದ ಸಖಿಗೆ ಹೇಸಿಗೆ ಆದರೂ ರಾಣಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ರಾತ್ರಿ ರಾಜ ಅವಳ ಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಇಬ್ಬರನ್ನೂ ಕಡಿದುಹಾಕುವಷ್ಟು ಸಿಟ್ಟು ಬಂದರೂ ತಡೆದುಕೊಂಡು ವಾಪಸ್ ಬರುತ್ತಾನೆ.

ಇಲ್ಲಿಯವರೆಗೆ ಯಶೋಧರ ದೊಡ್ಡವನಾಗೇ ಕಾಣುತ್ತಾನೆ. ಅವನು ಜಾರಲು ಶುರುವಾಗುವುದು ಮರುದಿನ. ಮಗನ ಬಾಡಿದ ಮುಖ ನೋಡಿ ತಾಯಿ ಚಂದ್ರಮತಿ ಏನಾಯಿತು ಅಂತ ಕೇಳುತ್ತಾಳೆ. ಕಂಡದ್ದನ್ನು ಹೇಳಲಾಗದೆ ಅವನು ಕೆಟ್ಟ ಕನಸು ಬಿತ್ತು ಅಂತ ಮರೆಮಾಚುತ್ತಾನೆ. ಒಂದು ಸಣ್ಣ ಸುಳ್ಳು, ಅದೂ ಮಾನ ಉಳಿಸಿಕೊಳ್ಳೋಕೆ! ಆದರೆ ಕೆಟ್ಟ ಕನಸಿಗೆ ಶಾಂತಿ ಆಗಬೇಕಲ್ಲ? ಶಾಂತಿಗೆ ದೇವಿಗೆ ಬಲಿ ಬೇಕು ಅನ್ನುತ್ತಾಳೆ ತಾಯಿ. ಬಲಿ ಒಲ್ಲೆ ಅನ್ನುತ್ತಾನೆ ಮಗ. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಆ ಕೋಳಿಯಲ್ಲಿ ಬೆಂತರವೊಂದು ಸೇರಿಕೊಂಡಿರುತ್ತೆ, ಕಡಿದಾಗ ಕೂಗುತ್ತೆ. ನೊಂದ ರಾಜ ಮಗ ಯಶೋಮತಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಡಬೇಕು ಅನ್ನುವಷ್ಟರಲ್ಲಿ ಅಮೃತಮತಿ ಊಟಕ್ಕೆ ಕರೆದು ತಾಯಿ ಮಗ ಇಬ್ಬರಿಗೂ ವಿಷ ಹಾಕುತ್ತಾಳೆ.

ಆಮೇಲೆ ಇಬ್ಬರಿಗೂ ಪ್ರಾಣಿಜನ್ಮಗಳ ಸಾಲು. ನವಿಲು, ನಾಯಿ, ಮೀನು, ಮೊಸಳೆ, ಆಡು... ಪ್ರತಿ ಸಲವೂ ಹಿಂಸೆಯಿಂದಲೇ ಸಾವು. ಕಟ್ಟಕಡೆಯ ಪ್ರಾಣಿಜನ್ಮ ಯಾವುದು ಗೊತ್ತೇ? ಕೋಳಿಗಳು! ಹಿಟ್ಟಿನದಲ್ಲ, ನಿಜವಾದ ಕೋಳಿಗಳು. ಯಶೋಮತಿಯ ಬಾಣಕ್ಕೆ ಅವು ಸಾಯುತ್ತವೆ, ಮತ್ತೆ ಅವನಿಗೇ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತವೆ. ಈ ಇಬ್ಬರನ್ನು ಮಾರಿದತ್ತನೆಂಬ ರಾಜ ಚಂಡಮಾರಿಗೆ ಬಲಿ ಕೊಡಲು ಹಿಡಿದು ತರಿಸಿದಾಗ ಅವರು ಹೇಳುವ ತಮ್ಮ ಕತೆಯೇ ಈ ಕಾವ್ಯ. ಕೇಳಿದ ರಾಜ ಕತ್ತಿ ಕೆಳಗಿಡುತ್ತಾನೆ.

ಹಿಟ್ಟಿನ ಕೋಳಿಗೆ ಇಷ್ಟೊಂದು ಶಿಕ್ಷೆಯೇ ಅಂತ ಯಾರಿಗಾದರೂ ಅನ್ನಿಸುತ್ತೆ. ಜೈನರಲ್ಲಿ ದ್ರವ್ಯಹಿಂಸೆ, ಭಾವಹಿಂಸೆ ಅಂತ ಎರಡು ಹೇಳುತ್ತಾರೆ. ಕೈ ಮಾಡುವ ಹಿಂಸೆ ಒಂದು, ಮನಸ್ಸು ಮಾಡುವ ಹಿಂಸೆ ಇನ್ನೊಂದು. ಕೊಲ್ಲುವ ಸಂಕಲ್ಪದಿಂದ ಕತ್ತಿ ಎತ್ತಿದಮೇಲೆ ಎದುರಿಗಿರುವುದು ಹಿಟ್ಟೋ ಮಾಂಸವೋ ಮುಖ್ಯ ಅಲ್ಲ.

ಕುತೂಹಲದ ಸಂಗತಿ ಅಂದರೆ ಅದೇ ಹದಿಮೂರನೇ ಶತಮಾನದಲ್ಲಿ ಕರಾವಳಿಯಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆಯಲ್ಲಿ ಯಜ್ಞಕ್ಕೆ ಜೀವಂತ ಪಶುವಿನ ಬದಲು ಪಿಷ್ಟಪಶು, ಅಂದರೆ ಹಿಟ್ಟಿನ ಪಶು, ಬಂತು. ಅಲ್ಲಿ ಹಿಟ್ಟು ಒಂದು ಜೀವ ಉಳಿಸುವ ದಾರಿ. ಜನ್ನನಲ್ಲಿ ಅದೇ ಹಿಟ್ಟು ಪಾಪದ ಬೀಜ. ಆಯುಧಪೂಜೆಗೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವ ನಾವು ಇವೆರಡರ ನಡುವೆ ಎಲ್ಲೋ ನಿಂತಿದ್ದೇವೆ! ಒಂದು ಜೀವ ಉಳಿಯುವುದಾದರೆ ಹಿಟ್ಟೇ ವಾಸಿ ಅನ್ನುವವನು ನಾನು. ಆ ಮಟ್ಟಿಗೆ ಜನ್ನನ ಧರ್ಮಬೋಧೆಯನ್ನು ಪೂರ್ತಿ ಒಪ್ಪಲಾರೆ.

ಆದರೆ ಮನುಷ್ಯನನ್ನು ಅವನು ಕಂಡ ರೀತಿ ಇದೆಯಲ್ಲ, ಅದನ್ನು ಒಪ್ಪದೆ ಇರಲಾಗದು. ಯಶೋಧರ ಕ್ರೂರಿ ಅಲ್ಲ. ಹೆಂಡತಿಯನ್ನು ಎದುರು ನಿಂತು ಕೇಳಲಿಲ್ಲ, ತಾಯಿಗೆ ನಿಜ ಹೇಳಲಿಲ್ಲ, ಒಲ್ಲೆ ಅಂದದ್ದನ್ನು ಕೊನೆತನಕ ಒಲ್ಲೆ ಅನ್ನಲಿಲ್ಲ. ಯಾರಿಗೂ ನೋವಾಗಬಾರದು ಅಂತ ಅರ್ಧ ಅರ್ಧ ಒಪ್ಪುತ್ತಾ ಹೋದ. ಹಿಂದಿನ ರಾತ್ರಿ ಒರೆಯಲ್ಲೇ ಉಳಿದ ಸಿಟ್ಟಿನ ಕತ್ತಿ ಮರುದಿನ ಕೋಳಿಯ ಮೇಲೆ ಬಿತ್ತೇನೋ ಅಂತಲೂ ನನಗೆ ಅನುಮಾನ. ಹಾಗಾದರೆ ಕೂಗಿದ್ದು ಬೆಂತರವೋ, ಅವನೊಳಗೇ ಅದುಮಿಟ್ಟದ್ದೋ?

ಅಮೃತಮತಿಯನ್ನೂ ಜನ್ನ ಧರ್ಮದ ಲೆಕ್ಕದಲ್ಲಿ ನರಕಕ್ಕೆ ಕಳಿಸುತ್ತಾನೆ, ಸರಿ. ಆದರೆ ಅವಳು ಮನಸೋತ ಗಳಿಗೆಯನ್ನು ಅವನು ಹಾಸ್ಯ ಮಾಡಿಲ್ಲ. ಪ್ರೀತಿ ಅನ್ನುವುದು ಯಾವ ಲೆಕ್ಕಕ್ಕೂ ಸಿಗದು ಅನ್ನುವುದು ಅವನಿಗೆ ಗೊತ್ತಿತ್ತು. ಮುಂದೆ 1230ರ 'ಅನಂತನಾಥ ಪುರಾಣ'ದಲ್ಲೂ ಗೆಳೆಯನ ಹೆಂಡತಿ ಸುನಂದೆಗೆ ಮನಸೋತು ಅವಳನ್ನು ಹೊತ್ತೊಯ್ದು, ಅವಳ ಚಿತೆಯಲ್ಲೇ ಸಾಯುವ ಚಂಡಶಾಸನನ ಕತೆಯನ್ನು ಅವನು ಬರೆದ. ತಪ್ಪು ಮಾಡುವವರನ್ನು ದೂರ ಇಟ್ಟು ನೋಡುವ ಕವಿ ಅಲ್ಲ ಅವನು.

ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕತೆಯನ್ನು 'ಹಿಟ್ಟಿನ ಹುಂಜ' ನಾಟಕ ಮಾಡಿದಾಗ ಆ ಜನ್ಮಗಳ ಸಾಲನ್ನೆಲ್ಲ ಬಿಟ್ಟು, ರಾಜ, ರಾಣಿ, ತಾಯಿ, ಮಾವುತ ನಾಲ್ಕೇ ಜನರನ್ನು ಉಳಿಸಿಕೊಂಡರು. ಪುನರ್ಜನ್ಮ ನಂಬದವರಿಗೂ ಕತೆ ಅಷ್ಟೇ ಚುಚ್ಚಿತು.

ಹಳಗನ್ನಡ ಅಂತ ಹೆದರಬೇಡಿ, ಗದ್ಯಾನುವಾದ ಇರುವ ಪ್ರತಿ ಸಿಕ್ಕರೆ ಎರಡೇ ಸಂಜೆಯ ಓದು. ಓದಿದಮೇಲೆ ಹೇಳಿ: ಯಶೋಧರ ನಿಜವಾಗಿ ಸೋತದ್ದು ಎಲ್ಲಿ? ಹಿಟ್ಟಿನ ಕೋಳಿಯ ಹತ್ತಿರವೋ, ಅದಕ್ಕೂ ಮೊದಲು ತಾಯಿ ಕೇಳಿದಾಗಲೋ? ನನ್ನ ವೋಟು ಎರಡನೆಯದಕ್ಕೆ.