ಪ್ರೌಢಶಾಲಾ ವಯಸ್ಸಿನ ಮಕ್ಕಳಿಗೆ ಮನೆಯಲ್ಲೇ ಶಿಕ್ಷಣ: ಪೋಷಕರ ಮಾಹಿತಿಗಾಗಿ

8 ಅಥವಾ 9ನೇ ತರಗತಿಯಲ್ಲಿ ಕಲಿಕೆಯಲ್ಲಿ ಹಿಂದುಳಿದ, ಶಾಲೆಗೆ ಹೋಗಲು ಹಿಂಜರಿಯುತ್ತಿರುವ ಮಕ್ಕಳನ್ನು ಶಾಲೆ ಬಿಡಿಸಿ, ಮನೆಯಲ್ಲೇ ಓದಿಸಿ, ನೇರವಾಗಿ ಪರೀಕ್ಷೆಗೆ ಕೂರಿಸಲು ಅನುಮತಿ ಕೋರುವ ಪೋಷಕರ ಮಾಹಿತಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಮೊದಲಿಗೆ ತಿಳಿಸಬೇಕಾದ ಅಂಶವೆಂದರೆ, ಮನೆ ಶಿಕ್ಷಣಕ್ಕೆ ಅನುಮತಿ ನೀಡುವ ಪ್ರತ್ಯೇಕ ಅರ್ಜಿ ನಮೂನೆ ಎಂಬುದು ಇರುವುದಿಲ್ಲ. ಪೋಷಕರು ನಿಜವಾಗಿ ನಿರ್ಧರಿಸಬೇಕಾದದ್ದು ಮಗು ಯಾವ ಮಂಡಲಿಯ ಪರೀಕ್ಷೆಯನ್ನು, ಯಾವ ವಯಸ್ಸಿನಲ್ಲಿ, ಯಾವ ದಾಖಲೆಗಳ ಆಧಾರದ ಮೇಲೆ ಬರೆಯಲಿದೆ ಎಂಬುದನ್ನು. ಇದನ್ನು ಶಾಲೆ ಬಿಡಿಸುವ ಮುನ್ನವೇ ನಿರ್ಧರಿಸತಕ್ಕದ್ದು. ಮೊದಲು ಬಿಡಿಸಿ ಆಮೇಲೆ ವಿಚಾರಿಸುವ ಕುಟುಂಬಗಳಲ್ಲಿ ಮಗುವಿನ ಒಂದೆರಡು ವರ್ಷಗಳು ಲೆಕ್ಕಕ್ಕೇ ಸಿಗದಂತೆ ಕಳೆದುಹೋಗುತ್ತವೆ.

ಕಾನೂನಿನ ಸ್ಥಿತಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009, ದಿನಾಂಕ 1-4-2010ರಿಂದ ಜಾರಿಯಲ್ಲಿದೆ. ಇದರ ಪ್ರಕಾರ 6ರಿಂದ 14 ವರ್ಷದೊಳಗಿನ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿಯವರೆಗಿನ ಶಿಕ್ಷಣ ಪಡೆಯುವ ಹಕ್ಕಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದೇ ಕಾಯ್ದೆಯ 10ನೇ ಪ್ರಕರಣ ಹೇಳುತ್ತದೆ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳಿಗೆ ಮನೆ ಆಧಾರಿತ ಶಿಕ್ಷಣದ ಆಯ್ಕೆಯನ್ನು 2012ರ ತಿದ್ದುಪಡಿಯಲ್ಲಿ ನೀಡಲಾಗಿದೆ. ಉಳಿದ ಮಕ್ಕಳ ಮನೆ ಶಿಕ್ಷಣದ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಉಪಬಂಧವಿಲ್ಲ.

ಆದುದರಿಂದ 14 ವರ್ಷ ತುಂಬುವ ಮೊದಲು, ಅದರಲ್ಲೂ 8ನೇ ತರಗತಿಯ ನಡುವೆ, ಮಗುವನ್ನು ಬಿಡಿಸುವುದು ಸೂಕ್ತವಲ್ಲ. ನಮ್ಮ ರಾಜ್ಯದಲ್ಲಿ 8ನೇ ತರಗತಿ ಪ್ರೌಢಶಾಲೆಯಲ್ಲಿದೆ. 7ನೇ ತರಗತಿ ಮುಗಿಸಿದ ಮಗು ಹೊಸ ಶಾಲೆ, ವಿಷಯಕ್ಕೊಬ್ಬ ಶಿಕ್ಷಕರು, ಹೊಸ ಸಹಪಾಠಿಗಳು, ಇವೆಲ್ಲವನ್ನೂ ಒಂದೇ ಜೂನ್ ತಿಂಗಳಲ್ಲಿ ಎದುರಿಸುತ್ತದೆ. ಕಷ್ಟ ಕಾಣಿಸಿಕೊಳ್ಳುವುದೂ ಆಗಲೇ, ಪೋಷಕರು ಬೇಸತ್ತು ಬಿಡಿಸುವುದೂ ಆಗಲೇ. ಹೇಗಾದರೂ ಆ ಒಂದು ವರ್ಷ ದಾಟಿಸಿದರೆ ಮಗುವಿನ ಕೈಯಲ್ಲಿ 8ನೇ ತರಗತಿಯ ದಾಖಲೆ ಇರುತ್ತದೆ. ಮುಂದಿನ ಬಹುತೇಕ ಬಾಗಿಲುಗಳು ತೆರೆಯುವುದು ಈ ದಾಖಲೆಯಿಂದ.

ಕಾರಣ ತಿಳಿಯದೆ ಬಿಡಿಸಬಾರದು

ಮಗು ಹಿಂದುಳಿದಿರುವುದು ಏಕೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಕಾರಣ ಶಾಲೆಯಲ್ಲಿಲ್ಲದಿದ್ದರೆ ಅದು ಮಗುವಿನೊಂದಿಗೆ ಮನೆಗೂ ಬರುತ್ತದೆ. ಕಣ್ಣು ಮತ್ತು ಕಿವಿಯ ತಪಾಸಣೆ ಮೊದಲ ಕೆಲಸ. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ಕರೆದ ನಿದರ್ಶನಗಳು ಎಲ್ಲ ಊರುಗಳಲ್ಲಿಯೂ ಇವೆ. ನಂತರ ಮನೆಯಲ್ಲೇ ಒಂದು ಸರಳ ಪರೀಕ್ಷೆ ಮಾಡಬಹುದು: 5ನೇ ತರಗತಿಯ ಕನ್ನಡ ಪಠ್ಯದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿಸುವುದು. ಬಾಯಲ್ಲಿ ಚೆನ್ನಾಗಿ ಉತ್ತರಿಸುವ ಮಗು ಓದುವಾಗ ಅಕ್ಷರಕ್ಷರಕ್ಕೆ ತಡವರಿಸಿದರೆ, ಅಥವಾ ಬರೆಯುವಾಗ ಅಕ್ಷರಗಳನ್ನು ಬಿಟ್ಟುಬಿಡುತ್ತಿದ್ದರೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯೇ ಎಂಬುದನ್ನು ತಜ್ಞರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಈ ಸೌಲಭ್ಯವಿದೆ. ಜಿಲ್ಲಾ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016, ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಇದೂ ಒಂದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆಯಲು ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳಿಗೆ ಆ ಕಾಯ್ದೆಯ 17ನೇ ಪ್ರಕರಣದಲ್ಲಿ ಅವಕಾಶವಿದೆ. ಮೂರು ಭಾಷೆಗಳ ಭಾರದಿಂದಲೇ ಕುಸಿದ ಮಗು ಈ ಸೌಲಭ್ಯಗಳೊಂದಿಗೆ ಅದೇ ಶಾಲೆಯಲ್ಲಿ ಮುಂದುವರಿಯಲು ಸಾಧ್ಯವಾಗಬಹುದು. ಇದನ್ನು ಪ್ರಯತ್ನಿಸದೆ ಮಗುವನ್ನು ಬಿಡಿಸುವುದು ದುಡುಕು.

ಮಗು ಹೆದರಿ ಶಾಲೆಗೆ ಹೋಗದಿದ್ದರೆ ವಿಷಯ ಬೇರೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ನಿಷೇಧಿಸಿದೆ. ಮುಖ್ಯ ಶಿಕ್ಷಕರಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 ಸಂಖ್ಯೆಗಳಿಗೆ ಉಚಿತವಾಗಿ ಕರೆ ಮಾಡಬಹುದು. ಕೆಲವೊಮ್ಮೆ ಬೇಕಾಗಿರುವುದು ಬೇರೊಂದು ಶಾಲೆಯಷ್ಟೇ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರಾಥಮಿಕ ಹಂತದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

ಪರೀಕ್ಷೆಯ ಎರಡು ದಾರಿಗಳು

ಮನೆಯಲ್ಲಿ ಓದಿದ ಮಗುವಿಗೆ 10ನೇ ತರಗತಿಯ ಪ್ರಮಾಣಪತ್ರ ದೊರೆಯುವ ಮುಖ್ಯ ದಾರಿಗಳು ಎರಡು.

ಒಂದನೆಯದು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಈ ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುತ್ತದೆ. ವಯಸ್ಸು, ಹಿಂದಿನ ವ್ಯಾಸಂಗ ಮತ್ತು ನೋಂದಣಿಯ ಕೊನೆಯ ದಿನಾಂಕಗಳ ಷರತ್ತುಗಳನ್ನು ಮಂಡಲಿಯು ಪ್ರತಿ ವರ್ಷದ ಅಧಿಸೂಚನೆಯಲ್ಲಿ ಪ್ರಕಟಿಸುತ್ತದೆ. ಪರೀಕ್ಷೆ ಬೇಸಿಗೆಯಲ್ಲಿ ನಡೆದರೂ ನೋಂದಣಿ ತಿಂಗಳುಗಳ ಮೊದಲೇ ಮುಗಿಯುವುದರಿಂದ ಜನವರಿಯಲ್ಲಿ ವಿಚಾರಿಸಿದರೆ ಪ್ರಯೋಜನವಿಲ್ಲ. ಪಠ್ಯ ಶಾಲೆಯದೇ ಆಗಿರುವುದು ಈ ದಾರಿಯ ಅನುಕೂಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳ ಅದೇ ಭಾರ ಉಳಿಯುವುದು ಅನನುಕೂಲ. 2023-24ನೇ ಸಾಲಿನಿಂದ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತಿರುವುದು ಸ್ವಲ್ಪ ನೆಮ್ಮದಿಯ ಸಂಗತಿ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಓ.ಎಸ್. ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದ ಅಧೀನದಲ್ಲಿರುವ ಈ ಸಂಸ್ಥೆ 1989ರಲ್ಲಿ ಸ್ಥಾಪನೆಯಾಯಿತು. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. 10ನೇ ತರಗತಿಗೆ ಸಮನಾದ ಮಾಧ್ಯಮಿಕ ಕೋರ್ಸಿಗೆ ಕನಿಷ್ಠ ವಯಸ್ಸು 14, 12ನೇ ತರಗತಿಗೆ ಸಮನಾದ ಕೋರ್ಸಿಗೆ 15. ಮಾಧ್ಯಮಿಕ ಹಂತದಲ್ಲಿ ತೇರ್ಗಡೆಯಾಗಲು ಐದು ವಿಷಯಗಳು ಸಾಕು. ಅದರಲ್ಲಿ ಒಂದು ಅಥವಾ ಎರಡು ಭಾಷೆಗಳಿರಬೇಕು. ಕನ್ನಡವೂ ಭಾಷಾ ವಿಷಯವಾಗಿ ಲಭ್ಯವಿದೆ. ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ. ಅಷ್ಟರೊಳಗೆ ಒಂಬತ್ತು ಅವಕಾಶಗಳಲ್ಲಿ, ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್ ಪರೀಕ್ಷೆಗಳಲ್ಲಿ, ತನಗೆ ಸಿದ್ಧತೆಯಿರುವ ವಿಷಯಗಳನ್ನಷ್ಟೇ ಮಗು ಬರೆಯಬಹುದು. ತೇರ್ಗಡೆಯಾದ ವಿಷಯದ ಅಂಕ ಉಳಿಯುತ್ತದೆ. ಒಂದು ವಿಷಯದ ಭಯದಿಂದ ಆರೂ ವಿಷಯಗಳನ್ನು ಕೈಚೆಲ್ಲುವ ಮಗುವಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಉದಾಹರಣೆಗೆ, 14 ವರ್ಷ ತುಂಬಿರುವ, ಬೇಸಿಗೆಯಲ್ಲಿ 8ನೇ ತರಗತಿ ಮುಗಿಸಿದ ಮಗುವನ್ನು ಪರಿಗಣಿಸಬಹುದು. ಅದೇ ಸಾಲಿನಲ್ಲಿ ನೋಂದಾಯಿಸಿದರೆ ಮುಂದಿನ ಏಪ್ರಿಲ್‌ನಲ್ಲಿ ಎರಡು ವಿಷಯ, ಅಕ್ಟೋಬರ್‌ನಲ್ಲಿ ಒಂದು, ಅದರ ಮುಂದಿನ ಏಪ್ರಿಲ್‌ನಲ್ಲಿ ಉಳಿದೆರಡು ಬರೆದರೂ, ಸಹಪಾಠಿಗಳು ಎಸ್.ಎಸ್.ಎಲ್.ಸಿ. ಮುಗಿಸುವ ವೇಳೆಗೆ ಈ ಮಗುವೂ ಮುಗಿಸಿರುತ್ತದೆ. ಹಿಂದುಳಿದದ್ದು ಏನೂ ಇಲ್ಲ. ಎಲ್ಲವನ್ನೂ ಒಂದೇ ವರ್ಷದಲ್ಲಿ ಮುಗಿಸುವ ಆಸೆ ಪೋಷಕರದಾಗಿರುತ್ತದೆ, ಮಗುವಿನದಲ್ಲ.

ವಿಷಯಗಳ ಆಯ್ಕೆಯಲ್ಲಿ ಎಚ್ಚರಿಕೆ ಅಗತ್ಯ. ಗಣಿತ ಮತ್ತು ವಿಜ್ಞಾನ ಇಲ್ಲಿ ಕಡ್ಡಾಯವಲ್ಲ. ಗೃಹ ವಿಜ್ಞಾನ, ಚಿತ್ರಕಲೆ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮುಂತಾದವನ್ನು ಆಯ್ದುಕೊಳ್ಳಬಹುದು. (ಲೆಕ್ಕಶಾಸ್ತ್ರವನ್ನು 10ನೇ ತರಗತಿಯ ಹಂತದಲ್ಲೇ ಕಲಿಯುವ ಅವಕಾಶ ವಾಣಿಜ್ಯ ಓದಿದವರಿಗೂ ಸಿಕ್ಕಿರಲಿಲ್ಲ, ಬೀಜಗಣಿತಕ್ಕೆ ಹೆದರುವ ಮಗು ಜಮಾ-ಖರ್ಚಿಗೆ ಹೆದರಬೇಕೆಂದೇನೂ ಇಲ್ಲ.) ಆದರೆ ಮುಂದೆ ಪಾಲಿಟೆಕ್ನಿಕ್ ಡಿಪ್ಲೊಮಾ ಅಥವಾ ವಿಜ್ಞಾನ ವಿಭಾಗದ ಪಿ.ಯು.ಸಿ. ಉದ್ದೇಶವಿದ್ದಲ್ಲಿ ಗಣಿತ ಮತ್ತು ವಿಜ್ಞಾನವನ್ನು ಬಿಡಬಾರದು. ಪಿ.ಯು. ಪ್ರವೇಶದ ವೇಳೆ ವಲಸೆ ಪ್ರಮಾಣಪತ್ರ ಕೇಳಲಾಗುತ್ತದೆ; ಅರ್ಹತಾ ಪತ್ರವೂ ಬೇಕೇ ಎಂಬುದನ್ನು ಸೇರಲಿರುವ ಕಾಲೇಜಿನಲ್ಲಿ ಮೊದಲೇ ಲಿಖಿತವಾಗಿ ಕೇಳಿ ತಿಳಿಯುವುದು ಲೇಸು.

ಕೈಕೆಲಸದಲ್ಲಿ ಆಸಕ್ತಿಯಿರುವ ಮಕ್ಕಳಿಗೆ ಐ.ಟಿ.ಐ.ಗಳ ಕೆಲವು ವೃತ್ತಿಗಳಿಗೆ 8ನೇ ತರಗತಿ ತೇರ್ಗಡೆ ಮತ್ತು 14 ವರ್ಷ ವಯಸ್ಸು ಸಾಕಾಗುತ್ತದೆ.

ನೇರ ಎಸ್.ಎಸ್.ಎಲ್.ಸಿ., ಖಚಿತ ತೇರ್ಗಡೆ ಎಂದು ಗೋಡೆಗಳ ಮೇಲೆ ಪ್ರಚಾರ ಮಾಡುವವರಲ್ಲಿ ಕೆಲವರು ಮಾನ್ಯತೆಯಿಲ್ಲದ ಮಂಡಳಿಗಳ ಅಂಕಪಟ್ಟಿ ನೀಡುತ್ತಾರೆ. ಅಂತಹ ಅಂಕಪಟ್ಟಿ ಬಯಲಾಗುವುದು ವರ್ಷಗಳ ನಂತರ, ಕಾಲೇಜು ಅಥವಾ ಉದ್ಯೋಗದ ದಾಖಲೆ ಪರಿಶೀಲನೆಯಲ್ಲಿ. ನೋಂದಣಿಯನ್ನು ಪೋಷಕರೇ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಮಾಡಿ, ಶುಲ್ಕದ ರಶೀದಿಯನ್ನು ಮಗುವಿನ ಹೆಸರಿನಲ್ಲೇ ಪಡೆಯತಕ್ಕದ್ದು.

ಶಾಲೆಯಿಂದ ಪಡೆಯಬೇಕಾದ ದಾಖಲೆಗಳು

ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ ಮತ್ತು ಕೊನೆಯ ತರಗತಿಯ ಅಂಕಪಟ್ಟಿಗಳನ್ನು ಪಡೆದು, ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಮಗುವಿನ ಹೆಸರು, ತಂದೆ-ತಾಯಿಯ ಹೆಸರು ಮತ್ತು ಜನ್ಮ ದಿನಾಂಕ ಇವು ಜನನ ಪ್ರಮಾಣಪತ್ರ, ಆಧಾರ್ ಹಾಗೂ ಶಾಲಾ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ ಎಂಬುದನ್ನು ಅಕ್ಷರಶಃ ಪರಿಶೀಲಿಸಬೇಕು. 10ನೇ ತರಗತಿಯ ಅಂಕಪಟ್ಟಿಯಲ್ಲಿ ಒಮ್ಮೆ ಮುದ್ರಿತವಾದ ಜನ್ಮ ದಿನಾಂಕವನ್ನು ಆಮೇಲೆ ಬದಲಾಯಿಸುವುದು ಬಹಳ ಕಷ್ಟ.

ಶಾಲೆ ಬಿಟ್ಟ ದಿನದಿಂದ ಬಿಸಿಯೂಟ, ಉಚಿತ ಸಮವಸ್ತ್ರ ಮತ್ತು ಪಠ್ಯಪುಸ್ತಕ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಸೌಲಭ್ಯಗಳು ನಿಲ್ಲುತ್ತವೆ. ಇವನ್ನು ಅವಲಂಬಿಸಿರುವ ಕುಟುಂಬಗಳು ಖರ್ಚಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು.

ಮನೆಯಲ್ಲಿ ಆರಂಭಿಸುವ ಬಗೆ

ಶಾಲೆಯ ವೇಳಾಪಟ್ಟಿಯನ್ನು ಮನೆಗೆ ತರುವ ಅಗತ್ಯವಿಲ್ಲ. ಮೊದಲ ಕೆಲವು ವಾರ ಮಗುವಿಗೆ ಎಲ್ಲಿಂದ ತಿಳಿಯದಾಯಿತು ಎಂಬುದನ್ನು ಹುಡುಕುವುದಕ್ಕೇ ಮೀಸಲಿಡಬೇಕು. 9ನೇ ತರಗತಿಯ ಗಣಿತ ಅರ್ಥವಾಗದ ಮಗುವಿಗೆ ತೊಡಕಿರುವುದು ಹೆಚ್ಚಾಗಿ 5ನೇ ತರಗತಿಯ ಭಿನ್ನರಾಶಿಯಲ್ಲಿ. ಅಲ್ಲಿಂದಲೇ ಆರಂಭಿಸಲು ನಾಚಿಕೆ ಪಡಬೇಕಾಗಿಲ್ಲ. ಮನೆಯಲ್ಲಿ ನಗುವವರು ಯಾರೂ ಇರುವುದಿಲ್ಲ, ಇರಲೂಬಾರದು. ದಿನಕ್ಕೆ ಎರಡು ಮೂರು ಗಂಟೆಗಳ ಗಮನದ ಓದು ಆರಂಭಕ್ಕೆ ಸಾಕು. ಏನು ಓದಿಸಲಾಯಿತು ಎಂಬುದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ನಮೂದಿಸಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಮತ್ತು ಎನ್.ಐ.ಓ.ಎಸ್. ಸಂಸ್ಥೆಯ ಪುಸ್ತಕಗಳು ಜಾಲತಾಣಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಓದಲು ಶಾಂತವಾದ ಸ್ಥಳ; ಮಗು ದಿನವೂ ಮನೆಯಿಂದ ಹೊರಗೆ ಹೋಗಿ ನಾಲ್ವರನ್ನು ಕಾಣಲೂ ಅದು ಅನುಕೂಲ.

ಮನೆ ಶಿಕ್ಷಣದ ಹೆಸರಿನಲ್ಲಿ ಮಗುವನ್ನು ಅಂಗಡಿಯಲ್ಲಿ ಕೂರಿಸುವುದು ಅಥವಾ ಮನೆಗೆಲಸಕ್ಕೆ ನಿಲ್ಲಿಸುವುದು ಶಿಕ್ಷಣವಲ್ಲ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. ಕುಟುಂಬದ ಕೆಲಸದಲ್ಲಿ ನೆರವಾಗುವುದಕ್ಕೂ ಓದಿಗೆ ಅಡ್ಡಿಯಾಗಬಾರದೆಂಬ ಷರತ್ತಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನಷ್ಟು ಮುಖ್ಯ. ಶಾಲೆ ಬಿಟ್ಟ ಹುಡುಗಿಯ ಮನೆಗೆ ಮದುವೆಯ ಮಾತು ಬೇಗ ಬರುತ್ತದೆ. 18 ವರ್ಷ ತುಂಬುವ ಮೊದಲು ವಿವಾಹ ಮಾಡುವುದು ಅಪರಾಧ. ಪರೀಕ್ಷೆಯ ನೋಂದಣಿ ಇಲ್ಲದೆ ಮಗಳನ್ನು ಶಾಲೆ ಬಿಡಿಸಬಾರದೆಂದು ಪೋಷಕರಲ್ಲಿ ಕೋರಲಾಗಿದೆ.

ವಿಚಾರಣೆ

ವರ್ಗಾವಣೆ ಪತ್ರ, ಮರುಪ್ರವೇಶ ಮತ್ತು ಶಾಲೆಯ ವಿರುದ್ಧದ ದೂರುಗಳಿಗೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು, ಖಾಸಗಿ ಅಭ್ಯರ್ಥಿಗಳ ನೋಂದಣಿಗೆ ಪರೀಕ್ಷಾ ಮಂಡಲಿಯ ಜಾಲತಾಣ ಅಥವಾ ಹತ್ತಿರದ ಪ್ರೌಢಶಾಲೆಯ ಮುಖ್ಯ ಶಿಕ್ಷಕರನ್ನು, ಮುಕ್ತ ಶಾಲೆಯ ವಿಷಯಗಳಿಗೆ ಎನ್.ಐ.ಓ.ಎಸ್. ಪ್ರಾದೇಶಿಕ ಕೇಂದ್ರವನ್ನು ಸಂಪರ್ಕಿಸಬಹುದು. ಮಗುವನ್ನು ಮತ್ತೆ ಶಾಲೆಗೆ ಸೇರಿಸಲು ಇಚ್ಛಿಸಿದಲ್ಲಿ, ಪ್ರಾಥಮಿಕ ಹಂತದಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ಪ್ರವೇಶ ಮತ್ತು ವಿಶೇಷ ತರಬೇತಿ ಪಡೆಯಲು ಕಾಯ್ದೆಯ 4ನೇ ಪ್ರಕರಣದಡಿ ಹಕ್ಕಿದೆ. ಕಚೇರಿಗೆ ಬರುವಾಗ ಮೂಲ ದಾಖಲೆಗಳ ಜೊತೆಗೆ ಎರಡು ಪ್ರತಿ ನಕಲುಗಳನ್ನು ತರುವುದು, ಸಾಧ್ಯವಾದರೆ ಮಗುವನ್ನೂ ಕರೆತರುವುದು.