ಮರಳಿ ಬರುವ ಕಾಗದ

ಸಕಲೇಶಪುರ, ಆಲೂರು ಗುಡ್ಡಗಳ ವಿಳಾಸದಲ್ಲಿ ಬೀದಿಯಾಗಲಿ ಮನೆ ನಂಬರಾಗಲಿ ಕಾಣುವುದು ಅಪರೂಪ. ಹೆಸರು, ಎಸ್ಟೇಟು ಅಥವಾ ಊರು, ಅಂಚೆ, ತಾಲ್ಲೂಕು, ಇಷ್ಟೇ. 1843ರಲ್ಲಿ ಗ್ರೀನ್ ಎಂಬ ಆಂಗ್ಲ ಪ್ಲಾಂಟರು ಅಂದಿನ ಮಂಜರಾಬಾದಿನಲ್ಲಿ ಕಾಫಿ ಹಾಕಿದ ಮೇಲೆ ತೋಟಗಳು ಬೆಳೆದವು. ಹಂಗಾಮಿಗೆ ಬಂದು ಹೋಗುವ ಕೂಲಿಯಾಳುಗಳೂ ಹೆಚ್ಚಿದರು. ಹಾನುಬಾಳು, ಯಸಳೂರು ಕಡೆ ಒಬ್ಬ ಆಳಿಗೆ ಬಂದ ಕಾಗದ ಅವನನ್ನು ಹುಡುಕಿಕೊಂಡು ಹೋಗುವುದು ಸುಲಭವಿರಲಿಲ್ಲ.

1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು. ಅಲ್ಲಿಂದ ಈ ಗುಡ್ಡಗಳಿಗೂ ಅದರದೇ ಕಾಯಿದೆ. ಕಳುಹಿಸಿದವರ ವಿಳಾಸಕ್ಕೆ ಬೆಲೆ ಬಂದದ್ದು ಮುಖ್ಯವಾಗಿ ಹಣದಿಂದ. ಚೀಟಿ ಹಚ್ಚದ ಬೇರಿಂಗ್ ಕಾಗದಕ್ಕೆ ಪಡೆಯುವವರೇ ಇಮ್ಮಡಿ ತೆರಬೇಕಿತ್ತು. ಕಾಸಿನ ಆಸೆಗಾದರೂ ಅಂಚೆಯವರು ತಲುಪಿಸುತ್ತಾರೆಂದು ಬೇಕೆಂದೇ ಬೇರಿಂಗ್ ಹಾಕುವವರು ಆ ಕಾಲದ ಭಾರತದಲ್ಲಿ ಕಡಿಮೆಯಿರಲಿಲ್ಲ. ಪಡೆಯಬೇಕಾದವರು ಬೇಡವೆಂದರೆ, ತೀರಿಕೊಂಡಿದ್ದರೆ ಅಥವಾ ಸಿಗದಿದ್ದರೆ ಆ ಹಣಕ್ಕೆ ಕಳುಹಿಸಿದವರೇ ಹೊಣೆ ಎಂದಿತು 1898ರ ಅಂಚೆ ಕಾಯಿದೆ. ಹೊರಗೆ ವಿಳಾಸವಿಲ್ಲದ ಕಾಗದವನ್ನು ಡೆಡ್ ಲೆಟರ್ ಆಫೀಸಿನಲ್ಲಿ ಒಡೆದು, ಒಳಗೆ ಹೆಸರು ಸಿಕ್ಕರೆ ಹಿಂದಿರುಗಿಸುತ್ತಿದ್ದರು. ಒಡೆದ ನೌಕರ ಓದಿದ್ದನ್ನು ಹೊರಗೆಡಹುವಂತಿರಲಿಲ್ಲ. ಯಾರ ಸುಳಿವೂ ಸಿಗದ ಕಾಗದಕ್ಕೆ ನಾಶವೇ ಗತಿ. ಒಳಗೆ ಹಣವಿದ್ದರೆ ಅದನ್ನು ಒಂದು ವರ್ಷ ಇಟ್ಟುಕೊಳ್ಳುತ್ತಿದ್ದರು.

ತಲುಪದ ಕಾಗದವನ್ನು ಮರಳಿಸುವ ಪ್ರಶ್ನೆ ಇಮೇಲಿಗೂ ಇದೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ಸಾಗಾಟದ ನಿಯಮಾವಳಿ ಲಕೋಟೆಯ ವಿಳಾಸವನ್ನೂ ಒಳಗಿನ ಕಾಗದವನ್ನೂ ಬೇರೆ ಬೇರೆಯಾಗಿಯೇ ಇಟ್ಟಿತು. ಓದುಗರಿಗೆ ಕಾಣುವ 'ಇಂದ' ಎಂಬ ಸಾಲು ಒಳಗಿನ ಕಾಗದದ್ದು. ತಲುಪದ ಸುದ್ದಿ ಹೋಗುವುದು ಅದಕ್ಕಲ್ಲ, ಸರ್ವರುಗಳು ಪರಸ್ಪರ ಹೇಳಿಕೊಳ್ಳುವ, ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸಕ್ಕೆ. ಪಡೆಯುವ ಸರ್ವರು ಕೊಡುವ ಉತ್ತರದ ಸಂಖ್ಯೆ 5ರಿಂದ ಶುರುವಾದರೆ ಆ ಕಾಗದದ ಕಥೆ ಮುಗಿದಂತೆ. 4ರಿಂದ ಶುರುವಾದರೆ ಕಳುಹಿಸುವ ಸರ್ವರು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸಿ ಆಮೇಲೆ ಕೈಬಿಡುತ್ತದೆ. ಹೀಗೆ ಮರಳುವ ಬೌನ್ಸ್ ಸಂದೇಶಕ್ಕೆ ಮಾತ್ರ ಹಿಂದಿರುಗುವ ವಿಳಾಸವನ್ನು ಖಾಲಿ ಬಿಡಬೇಕು. ಇಲ್ಲದಿದ್ದರೆ ಎರಡು ಯಂತ್ರಗಳು ಒಂದರ ದೂರನ್ನು ಇನ್ನೊಂದಕ್ಕೆ ಕೊನೆಯಿಲ್ಲದೆ ಒಪ್ಪಿಸುತ್ತಿರುತ್ತವೆ. ಮೇಲ್ ಸ್ವೀಕರಿಸುವ ಪ್ರತಿ ಡೊಮೇನಿನಲ್ಲೂ 'ಪೋಸ್ಟ್‌ಮಾಸ್ಟರ್' ಹೆಸರಿಗೆ ಬಂದದ್ದನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವೂ ಇದೆ. ಅಂಚೆ ಇಲಾಖೆಯ ಹುದ್ದೆ ಯಂತ್ರಗಳ ಲೋಕದಲ್ಲೂ ಉಳಿದುಕೊಂಡಿತು.

ಉಳಿಯದೆ ಹೋದದ್ದು ಅಂಚೆಯ ಕಾಸು. ಇಮೇಲಿಗೆ ಚೀಟಿಯಿಲ್ಲ, ಮರಳಿದರೆ ದಂಡವೂ ಇಲ್ಲ. ಹಾಗಾಗಿ ಲಕೋಟೆಯ ಮೇಲೆ ಕಳುಹಿಸಿದವರದೆಂದು ಬೇರೆಯವರ ವಿಳಾಸ ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಕಸದ ಮೇಲ್ ಕಳುಹಿಸುವವರು ಅದನ್ನೇ ಬಳಸಿಕೊಂಡರು. ಏನನ್ನೂ ಕಳುಹಿಸದವರ ಪೆಟ್ಟಿಗೆ ಬೌನ್ಸ್‌ಗಳಿಂದ ತುಂಬತೊಡಗಿತು. ಇದಕ್ಕೆ ತಡೆಯಾಗಿ ಬಂದ ಎಸ್‌ಪಿಎಫ್ ಪದ್ಧತಿಯಲ್ಲಿ, ತನ್ನ ಹೆಸರಿನಲ್ಲಿ ಯಾವ ಸರ್ವರುಗಳು ಕಳುಹಿಸಬಹುದೆಂದು ಡೊಮೇನು ಮೊದಲೇ ಪ್ರಕಟಿಸುತ್ತದೆ. ಡಿಕೆಐಎಂ ಕಾಗದಕ್ಕೆ ಸಹಿ ಹಾಕುತ್ತದೆ. ಇವೆರಡರಲ್ಲಿ ಒಂದಾದರೂ ಕಾಣುವ 'ಇಂದ' ವಿಳಾಸಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಡಿಮಾರ್ಕ್. ಸಕಲೇಶಪುರದ ಹೋಂಸ್ಟೇಯೊಂದು ಸ್ವಂತ ಡೊಮೇನು ಇಟ್ಟುಕೊಂಡು ಈ ದಾಖಲೆಗಳನ್ನು ಮರೆತರೆ, ಅದರ ಬುಕಿಂಗ್ ಉತ್ತರ ಅತಿಥಿಯ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು, ಬೌನ್ಸ್ ಕೂಡ ಬಾರದೆ.